ಥೇಮ್ಸ್ ಸೇರದ ಹಸ್ತಪ್ರತಿ: ಆರ್.ಕೆ. ನಾರಾಯಣರ ಮೊದಲ ಕಾದಂಬರಿಯಲ್ಲಿ ಗೆಳೆತನ

ಭಾರತೀಯ ಇಂಗ್ಲಿಷ್ ಕಾದಂಬರಿಯ ಚರಿತ್ರೆಯಲ್ಲಿ 1935 ಒಂದು ಮುಖ್ಯ ವರ್ಷ. ಮುಲ್ಕ್ ರಾಜ್ ಆನಂದರ 'ಅನ್‌ಟಚಬಲ್' ಹೊರಬಂದ ವರ್ಷವೂ ಅದೇ, ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಹೊರಬಂದ ವರ್ಷವೂ ಅದೇ. ಮೊದಲನೆಯದಕ್ಕೆ ಸಾಮಾಜಿಕ ಕಾದಂಬರಿಯೆಂಬ ಗೌರವ ದೊರೆಯಿತು. ಎರಡನೆಯದು ಕಾಲಕ್ರಮದಲ್ಲಿ ಶಾಲಾ ಮಕ್ಕಳ ಪಠ್ಯವಾಯಿತು, ದೂರದರ್ಶನದ ಧಾರಾವಾಹಿಯಾಯಿತು, ಕೊನೆಗೆ ಬಾಲ್ಯದ ಮಧುರ ಸ್ಮರಣೆಯೆಂಬ ಒಂದೇ ಅರ್ಥಕ್ಕೆ ಕುಗ್ಗಿಹೋಯಿತು. ಗೆಳೆತನವು ಎಲ್ಲ ಅಡೆತಡೆಗಳನ್ನೂ ಗೆಲ್ಲುವ ಕಥೆಯೆಂದು ಅದನ್ನು ಬೋಧಿಸುವುದು ರೂಢಿಯಾಗಿದೆ. ಆದರೆ ಕೃತಿಯನ್ನು ಮೊದಲಿಂದ ಕೊನೆಯವರೆಗೆ ಓದಿದವರಿಗೆ ಈ ಮಾತು ಒಪ್ಪಿಗೆಯಾಗುವುದು ಕಷ್ಟ. ಅಲ್ಲಿ ಗೆಳೆತನ ಗೆಲ್ಲುವುದಿಲ್ಲ. ಆ ಕೃತಿ ಅಚ್ಚಾದ ಬಗೆಯಲ್ಲಿ ಮಾತ್ರ ಗೆಳೆತನವೊಂದು ನಿಜಕ್ಕೂ ಗೆದ್ದಿತು. ಪುಸ್ತಕದ ಒಳಗಿನ ಕಥೆಯನ್ನೂ ಪುಸ್ತಕದ ಕಥೆಯನ್ನೂ ಜೊತೆಯಲ್ಲಿಟ್ಟು ನೋಡಿದಾಗ ಎರಡರ ಸ್ವರೂಪವೂ ಸ್ಪಷ್ಟವಾಗುತ್ತದೆ.

ನಾರಾಯಣರು ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ತಂದೆ ಆರ್.ವಿ. ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರು. ಊರಿಂದೂರಿಗೆ ವರ್ಗವಾಗುವ ಕೆಲಸವಾದ್ದರಿಂದ ಬಾಲಕ ನಾರಾಯಣಸ್ವಾಮಿ ಬೆಳೆದದ್ದು ಮದರಾಸಿನ ಪುರಸವಾಕದಲ್ಲಿ, ಅಜ್ಜಿಯ ಮನೆಯಲ್ಲಿ. ಅಲ್ಲಿನ ಲೂಥರನ್ ಮಿಷನ್ ಶಾಲೆಯಲ್ಲಿ ಆತನ ಮೊದಲ ವಿದ್ಯಾಭ್ಯಾಸ ನಡೆಯಿತು. ಮತಬೋಧೆಯ ತರಗತಿಯಲ್ಲಿ ಹಿಂದೂ ದೇವತೆಗಳನ್ನು ಅಣಕಿಸುತ್ತಿದ್ದ ಉಪಾಧ್ಯಾಯರ ನೆನಪನ್ನು ನಾರಾಯಣರು ಮುಂದೆ ಆತ್ಮಕಥೆ 'ಮೈ ಡೇಸ್'ನಲ್ಲಿ ದಾಖಲಿಸಿದ್ದಾರೆ. ಬಳಿಕ ಮೈಸೂರಿಗೆ ಬಂದು ತಂದೆಯೇ ಮುಖ್ಯಸ್ಥರಾಗಿದ್ದ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನಲ್ಲಿ ಓದಿದರು. ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಒಂದು ವರ್ಷ ಮನೆಯಲ್ಲಿಯೇ ಉಳಿದರು. ಆ ವರ್ಷ ವ್ಯರ್ಥವಾಗಲಿಲ್ಲ. ತಂದೆಯ ಶಾಲೆಯ ಗ್ರಂಥಭಂಡಾರ ಅವರಿಗೆ ತೆರೆದಿತ್ತು. ಮಹಾರಾಜ ಕಾಲೇಜಿನಿಂದ ಬಿ.ಎ. ಪದವಿ ಪಡೆಯುವ ಹೊತ್ತಿಗೆ 1930 ಬಂದಿತ್ತು. ಕೆಲಕಾಲ ಚನ್ನಪಟ್ಟಣದ ಶಾಲೆಯೊಂದರಲ್ಲಿ ಉಪಾಧ್ಯಾಯ ವೃತ್ತಿಯನ್ನೂ ನಡೆಸಿದರು. ಡ್ರಿಲ್ ಮೇಷ್ಟರ ಬದಲಿಗೆ ನಿಂತು ಮಕ್ಕಳಿಗೆ ಕವಾಯತು ಮಾಡಿಸಬೇಕೆಂದು ಹೇಳಿದಾಗ ಕೆಲಸ ಬಿಟ್ಟು ಮನೆಗೆ ಮರಳಿದರು. ಕಾದಂಬರಿಯ ಓದುಗರಿಗೆ ಈ ಸಣ್ಣ ಸಂಗತಿ ಮುಖ್ಯವಾದುದು. ಸ್ವಾಮಿಯ ಬಾಳನ್ನು ಕೆಡಿಸುವುದೂ ಡ್ರಿಲ್ ತರಗತಿಯೇ.

1930ರ ವಿಜಯದಶಮಿಯಂದು, ಬೆಂಗಳೂರಿನಲ್ಲಿ, ಅಜ್ಜಿ ಗೊತ್ತುಮಾಡಿದ ಶುಭದಿನದಲ್ಲಿ ಹೊಸ ನೋಟ್‌ಬುಕ್ ಕೊಂಡು ನಾರಾಯಣರು ಕಾದಂಬರಿಯನ್ನು ಆರಂಭಿಸಿದರು. ಜೈನರಿಗೆ ಶ್ರುತಪಂಚಮಿ ಹೇಗೋ ಹಾಗೆ ಅಕ್ಷರಾರಂಭಕ್ಕೆ ವಿಜಯದಶಮಿ ಪ್ರಶಸ್ತವೆಂಬ ನಂಬಿಕೆ ಆ ಮನೆಯದು. ಮನಸ್ಸಿಗೆ ಮೊದಲು ಮೂಡಿದ್ದು ಒಂದು ರೈಲು ನಿಲ್ದಾಣ. ಅದರ ಬೆನ್ನಿಗೇ ಮಾಲ್ಗುಡಿ ಎಂಬ ಹೆಸರು ಬಂದಿತು. ನಿಲ್ದಾಣದಿಂದ ಹುಟ್ಟಿದ ಆ ಊರಿನ ಮೊದಲ ಕಥೆ ಮುಗಿಯುವುದೂ ನಿಲ್ದಾಣದಲ್ಲಿಯೇ.

ಮಾಲ್ಗುಡಿಯ ಭೂಗೋಳದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. 1980ರ ದಶಕದಲ್ಲಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರಿಸಿದ ಮೇಲೆ ಕನ್ನಡಿಗರ ಕಲ್ಪನೆಯಲ್ಲಿ ಮಾಲ್ಗುಡಿಯೆಂದರೆ ಮಳೆ ಸುರಿಯುವ ಮಲೆನಾಡು. ಮಾಸ್ಟರ್ ಮಂಜುನಾಥ್ ಮುಖವಿಲ್ಲದ ಸ್ವಾಮಿಯನ್ನು ಊಹಿಸುವುದೂ ಆ ತಲೆಮಾರಿಗೆ ಸಾಧ್ಯವಿಲ್ಲ. ಈ ಮಮತೆಗೆ ಆಕ್ಷೇಪವೇನೂ ಇಲ್ಲ. ಆದರೆ ಪಠ್ಯದ ಸಾಕ್ಷ್ಯ ಬೇರೆಯದನ್ನೇ ಹೇಳುತ್ತದೆ. ಹುಡುಗರು ಕ್ರಿಕೆಟ್ ಸಾಮಗ್ರಿಗಾಗಿ ಪತ್ರ ಬರೆಯುವುದು ಮದರಾಸಿನ ಮೌಂಟ್ ರೋಡಿನ ಅಂಗಡಿಗೆ. ಅಲ್ಲಿರುವುದು ಬೋರ್ಡ್ ಹೈಸ್ಕೂಲು. ಪೊಲೀಸ್ ಅಧಿಕಾರಿ ಕಾಪಾಡುವುದು ನೇರವಾಗಿ ಬ್ರಿಟಿಷರ ಶಾಂತಿಯನ್ನು. ಇವೆಲ್ಲವೂ ಮದರಾಸ್ ಪ್ರಾಂತ್ಯದ ಲಕ್ಷಣಗಳು. ಮೈಸೂರು ಸಂಸ್ಥಾನದಲ್ಲಿ ಕುಳಿತ ಲೇಖಕ ತನ್ನ ಊರನ್ನು ಸಂಸ್ಥಾನದ ಗಡಿಯಾಚೆಗೆ ಕಟ್ಟಿದ. ಹಾಗೆ ಕಟ್ಟದಿದ್ದರೆ ಈ ಕಥೆಯ ಮುಖ್ಯ ಸಂಘರ್ಷ ಅದೇ ರೂಪದಲ್ಲಿ ಒದಗುತ್ತಿರಲಿಲ್ಲ. ಏಕೆಂದರೆ ಸ್ವಾಮಿಯ ಪರಮಮಿತ್ರ ಪೊಲೀಸ್ ಅಧಿಕಾರಿಯ ಮಗ, ಕಥೆ ನಡೆಯುವುದು ಉಪ್ಪಿನ ಸತ್ಯಾಗ್ರಹದ ವರ್ಷ.

ಕಾದಂಬರಿಯ ಆರಂಭದಲ್ಲಿ ಆಲ್ಬರ್ಟ್ ಮಿಷನ್ ಶಾಲೆಯಲ್ಲಿ ಸ್ವಾಮಿಗೆ ನಾಲ್ವರು ಗೆಳೆಯರು: ತರಗತಿಯ ಮಾನಿಟರ್ ಸೋಮು, ಯಾರಿಗೂ ಹೆದರದ ಬಲಶಾಲಿ ಮಣಿ, ಓದಿನಲ್ಲಿ ಎಲ್ಲರಿಗೂ ಮೊದಲಿಗನಾದ ಶಂಕರ, ಬಟಾಣಿ ಎಂಬ ಅಡ್ಡಹೆಸರಿನ ಪುಟ್ಟ ಸ್ಯಾಮುಯೆಲ್. ಒಬ್ಬೊಬ್ಬರ ಜೊತೆಗಿನ ನಂಟಿಗೂ ಒಂದೊಂದು ಬೇರೆಯೇ ಕಾರಣವನ್ನು ಲೇಖಕ ಕೊಟ್ಟಿದ್ದಾನೆ. ಮಣಿಯ ತೋಳುಬಲ, ಶಂಕರನ ಬುದ್ಧಿ, ಸೋಮುವಿನ ಸರಳತೆ ಆಯಾ ಗೆಳೆತನಗಳ ಆಧಾರ. ಸ್ಯಾಮುಯೆಲ್‌ನಲ್ಲಿ ಅಂಥ ಯಾವ ಹಿರಿಮೆಯೂ ಇಲ್ಲ. ಇಬ್ಬರಿಗೂ ನಗು ಬರುವುದು ಒಂದೇ ಬಗೆಯ ಸಂಗತಿಗಳಿಗೆ, ಅಷ್ಟೇ. ನಾಲ್ಕರಲ್ಲಿ ಅತ್ಯಂತ ನಿಷ್ಕಾರಣವಾದ ಸ್ನೇಹ ಇದೇ, ಮೊದಲು ಬಿರುಕು ಕಾಣುವುದೂ ಇದರಲ್ಲಿಯೇ. ಮತಬೋಧೆಯ ಉಪಾಧ್ಯಾಯ ಎಬೆನೆಜರ್ ಕೃಷ್ಣನನ್ನು ಹೀಯಾಳಿಸಿದಾಗ ಸ್ವಾಮಿ ಎದ್ದು ಪ್ರಶ್ನೆ ಕೇಳುತ್ತಾನೆ. ಕ್ರಿಸ್ತನು ದೇವರಾಗಿದ್ದರೆ ಮಾಂಸವನ್ನೇಕೆ ತಿಂದನೆಂಬುದು ಅವನ ಸಂದೇಹ. ಅದು ಸಸ್ಯಾಹಾರಿ ಮನೆಯಲ್ಲಿ ಬೆಳೆದ ಹುಡುಗನ ಪ್ರಾಮಾಣಿಕ ತೊಡಕು, ವಾದಕ್ಕಾಗಿ ಹುಡುಕಿ ತೆಗೆದ ಆಕ್ಷೇಪವಲ್ಲ. ಕಿವಿ ಹಿಂಡಿಸಿಕೊಂಡ ಸ್ವಾಮಿ ತನ್ನ ಸಂಕಟವನ್ನು ತೋಡಿಕೊಳ್ಳಲು ಹೊರಟಾಗ, ಕ್ರೈಸ್ತನಾದ ಸ್ಯಾಮುಯೆಲ್‌ಗೆ ಉಪಾಧ್ಯಾಯರ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ. ಜಗಳವಿಲ್ಲ, ವೈರವಿಲ್ಲ. ಇಬ್ಬರು ಹುಡುಗರ ನಡುವೆ ಯಾರೋ ದೊಡ್ಡವರು ಎಳೆದ ಗೆರೆಯೊಂದು ಆ ಕ್ಷಣಕ್ಕೆ ಕಾಣಿಸಿಕೊಂಡು ಮರೆಯಾಗುತ್ತದೆ. ನಾರಾಯಣರು ಅದರ ಮೇಲೆ ವ್ಯಾಖ್ಯಾನ ಮಾಡುವುದಿಲ್ಲ. ಅವರ ಗದ್ಯದ ಶಕ್ತಿಯಿರುವುದು ಇಂಥ ಕಡೆಗಳಲ್ಲಿ.

ರಾಜಂ ಹೊಸದಾಗಿ ಶಾಲೆಗೆ ಸೇರಿದಾಗ ಈ ಮಂಡಲದ ಸಮತೋಲ ಕದಡುತ್ತದೆ. ಅವನದು ಒಳ್ಳೆಯ ಉಡುಪು, ಒಳ್ಳೆಯ ಇಂಗ್ಲಿಷ್, ಡೆಪ್ಯುಟಿ ಸೂಪರಿಂಟೆಂಡೆಂಟರ ಮಗನೆಂಬ ಗತ್ತು. ಮಣಿಗೆ ಅವನನ್ನು ನದಿಯ ಪಾಲುಮಾಡುವ ಉತ್ಸಾಹ. ಇಬ್ಬರ ನಡುವೆ ಚೀಟಿಗಳು ಓಡಾಡುತ್ತವೆ, ಸ್ವಾಮಿ ದೂತನಾಗುತ್ತಾನೆ. ಸರಯೂ ತೀರದ ನಲ್ಲಪ್ಪನ ತೋಪಿನಲ್ಲಿ ದ್ವಂದ್ವಯುದ್ಧ ಗೊತ್ತಾಗುತ್ತದೆ. ರಾಜಂ ಬರುವುದು ಆಟದ ಏರ್‌ಗನ್ ಹಿಡಿದು. ಮಾತಿಗೆ ಮಾತು ಬೆಳೆದು ಕೊನೆಗೆ ಯುದ್ಧ ಸಂಧಿಯಲ್ಲಿ ಮುಗಿಯುತ್ತದೆ, ಸಂಧಿಯ ಮುದ್ರೆಯಾಗಿ ಬಿಸ್ಕತ್ತು ಹಂಚಲಾಗುತ್ತದೆ. ಕನ್ನಡದ ಚಂಪೂಕಾವ್ಯಗಳಲ್ಲಿ ದೂತಪ್ರಸಂಗ, ಯುದ್ಧೋದ್ಯೋಗ, ಸಂಧಿಗಳನ್ನು ಓದಿದವರಿಗೆ ಇದರ ಹಾಸ್ಯ ಇನ್ನಷ್ಟು ರುಚಿಸುತ್ತದೆ; ವೀರಕಾವ್ಯದ ಸಕಲ ಅಂಗಗಳೂ ಇಲ್ಲಿ ಅರ್ಧಚಡ್ಡಿ ತೊಟ್ಟು ಬಂದಿವೆ.

ಹೊಸ ಗೆಳೆತನಕ್ಕೆ ಹಳೆಯ ಗೆಳೆಯರು ತೆರಿಗೆ ಕೇಳುತ್ತಾರೆ. ಸ್ವಾಮಿಯನ್ನು ರಾಜಂನ ಬಾಲವೆಂದು ಅವರು ಹಂಗಿಸುವ ಪ್ರಸಂಗ ಇಡೀ ಕೃತಿಯ ಅತ್ಯಂತ ನೋವಿನ ಪುಟಗಳಲ್ಲಿ ಒಂದು. ಮಾತು ಬಿಟ್ಟ ಗೆಳೆಯರ ಮಧ್ಯೆ ತರಗತಿಯಲ್ಲಿ ಕುಳಿತಿರುವ ಹುಡುಗನ ಸ್ಥಿತಿ ಬಹಿಷ್ಕೃತನ ಸ್ಥಿತಿ. ಅದನ್ನು ಸರಿಪಡಿಸುವವನೂ ರಾಜಂ. ಎಲ್ಲರನ್ನೂ ಮನೆಗೆ ಕರೆದು, ತಿಂಡಿ ಕೊಟ್ಟು, ವೈರದ ಕೇಡನ್ನು ಕುರಿತು ಉಪನ್ಯಾಸವನ್ನೂ ಮಾಡಿ, ಸ್ನೇಹದಿಂದಿರುತ್ತೇವೆಂದು ಮಾತು ಕೊಟ್ಟವರಿಗೆ ಆಟಿಕೆಗಳನ್ನು ಹಂಚುತ್ತಾನೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬಿಸ್ಕತ್ತು, ಆಟಿಕೆ, ಮುಂದೆ ಕ್ರಿಕೆಟ್ ತಂಡ, ಇವೆಲ್ಲವನ್ನೂ ಕೊಡುವವನು ರಾಜಂ, ಪಡೆಯುವವರು ಉಳಿದವರು. ಒಡೆಯುವುದನ್ನೂ ಕೂಡಿಸುವುದನ್ನೂ ನಿಶ್ಚಯಿಸುವ ಅಧಿಕಾರ ಅವನ ಕೈಯಲ್ಲಿದೆ. ಅಪ್ಪನ ಕಚೇರಿಯ ರೀತಿ ಮಗನ ಗೆಳೆತನಕ್ಕೂ ಇಳಿದುಬಂದಿದೆ. ರಾಜಂ ಕೆಟ್ಟವನಲ್ಲ, ಉದಾರಿ. ಆದರೆ ಅವನ ಔದಾರ್ಯ ಪ್ರಭುವಿನ ಔದಾರ್ಯ.

ಬೇಸಗೆಯ ರಜೆಯ ಹೊತ್ತಿಗೆ ಹಳೆಯ ಮಂಡಲ ತಾನಾಗಿ ಕರಗುತ್ತದೆ. ಶಂಕರನ ತಂದೆಗೆ ವರ್ಗವಾಗುತ್ತದೆ, ಸೋಮು ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಇವರಿಬ್ಬರ ನಿರ್ಗಮನಕ್ಕೆ ಲೇಖಕ ಹೆಚ್ಚು ಜಾಗ ಕೊಟ್ಟಿಲ್ಲ. ಆದರೆ ವರ್ಗಾವಣೆ ಎಂಬ ಸರ್ಕಾರಿ ಪದ ಆಗಲೇ ಕಥೆಯೊಳಗೆ ಬಂದು ಕುಳಿತಿದೆ. ಕೊನೆಯ ಅಧ್ಯಾಯದಲ್ಲಿ ಅದು ಮತ್ತೆ ಬರುತ್ತದೆ.

ಕಾದಂಬರಿಯ ಕಾಲದಲ್ಲಿ 1930ರ ಆಗಸ್ಟ್ 15ರಂದು ಸರಯೂ ನದಿಯ ದಡದಲ್ಲಿ ಪ್ರತಿಭಟನಾ ಸಭೆ ನಡೆಯುತ್ತದೆ. ಬೊಂಬಾಯಿಯ ರಾಜಕೀಯ ಕಾರ್ಯಕರ್ತನೊಬ್ಬನ ಬಂಧನ ಅದಕ್ಕೆ ಕಾರಣ. ಹದಿನೇಳು ವರ್ಷಗಳ ಬಳಿಕ ಅದೇ ದಿನಾಂಕಕ್ಕೆ ಬರಲಿದ್ದ ಅರ್ಥವನ್ನು ಲೇಖಕ ಬಲ್ಲವನಾಗಿರಲಿಲ್ಲ. ಚರಿತ್ರೆ ಕೆಲವೊಮ್ಮೆ ಕಾದಂಬರಿಕಾರನಿಗೆ ಹೀಗೆ ಕಾಣಿಕೆ ಕೊಡುತ್ತದೆ. ಭಾಷಣದ ಬಿಸಿಯಲ್ಲಿ ಸ್ವಾಮಿ ತನ್ನ ಟೋಪಿಯನ್ನು ವಿದೇಶಿಯೆಂದು ಬಗೆದು ಬೆಂಕಿಗೆ ಎಸೆಯುತ್ತಾನೆ, ಅದು ಖಾದಿಯದೆಂದು ಆಮೇಲೆ ತಂದೆಯಿಂದ ತಿಳಿಯುತ್ತದೆ. ಮರುದಿನದ ಹರತಾಳದಲ್ಲಿ ಶಾಲೆಯ ಕಿಟಕಿಯ ಗಾಜುಗಳು ಒಡೆಯುತ್ತವೆ, ಅದರಲ್ಲಿ ಸ್ವಾಮಿಯ ಕೈಯೂ ಇದೆ. ಪೊಲೀಸರು ಲಾಠಿ ಬೀಸಿ ಜನರನ್ನು ಚದುರಿಸುತ್ತಾರೆ. ಆಜ್ಞೆ ಕೊಡುವವರು ರಾಜಂನ ತಂದೆ.

ಈ ದೃಶ್ಯವನ್ನು ಬೇರೊಬ್ಬ ಲೇಖಕ ಎರಡು ನಿಷ್ಠೆಗಳ ಮಹಾಸಂಘರ್ಷವನ್ನಾಗಿ ಬೆಳೆಸುತ್ತಿದ್ದ. ಕಾಂತಾಪುರದ ರಾಜಾ ರಾಯರ ಕೈಯಲ್ಲಿ ಇದೇ ವಸ್ತು ಪುರಾಣದ ಎತ್ತರಕ್ಕೆ ಏರಿತು. ನಾರಾಯಣರಲ್ಲಿ ಹುಡುಗ ಬೆರಗಾಗುತ್ತಾನೆ, ಗೆಳೆಯನ ಮನೆಯಲ್ಲಿ ಕಂಡ ಮನುಷ್ಯ ಇಷ್ಟು ಕ್ರೂರನಾಗಬಲ್ಲನೇ ಎಂದು ತಳಮಳಿಸುತ್ತಾನೆ, ಅಲ್ಲಿಗೆ ನಿಲ್ಲುತ್ತದೆ. ರಾಷ್ಟ್ರೀಯ ಚಳವಳಿಯನ್ನು ಲಘುವಾಗಿ ಕಂಡರೆಂಬ ಆಕ್ಷೇಪ ನಾರಾಯಣರ ಮೇಲೆ ಬಹುಕಾಲದಿಂದ ಇದೆ. ಟೋಪಿಯ ಪ್ರಸಂಗವನ್ನೇ ನೋಡುವುದಾದರೆ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಚಳವಳಿಯ ಬೆಲೆಯನ್ನು ಈ ಹುಡುಗ ತೆರುತ್ತಾನೆ ಎಂಬುದನ್ನು ಮರೆಯಬಾರದು. ಮಿಷನ್ ಶಾಲೆ ಬಿಟ್ಟು ಅವನು ಬೋರ್ಡ್ ಹೈಸ್ಕೂಲು ಸೇರಬೇಕಾಗುತ್ತದೆ. ರಾಜಂ ಆರು ವಾರ ಮಾತಾಡುವುದಿಲ್ಲ. ಬಳಿಕ ತಾನಾಗಿ ಮನೆಗೆ ಬಂದು ಸ್ವಾಮಿಯ ರಾಜಕೀಯ ಪಾಪಗಳನ್ನೆಲ್ಲ ಕ್ಷಮಿಸಿರುವುದಾಗಿ ತಿಳಿಸುತ್ತಾನೆ. ಕ್ಷಮೆಯ ಹಕ್ಕು ಯಾರ ಬಳಿ ಇದೆ ಎಂಬುದನ್ನು ಕಾದಂಬರಿ ಇಷ್ಟು ತೆಳುವಾಗಿ ಹೇಳಿ ಮುಂದೆ ಸಾಗುತ್ತದೆ. ಲಾಠಿ ಬೀಸಿದ ಮನೆಯವನು ಲಾಠಿಯ ಎದುರು ನಿಂತವನನ್ನು ಕ್ಷಮಿಸಿದ್ದಾನೆ, ಕ್ಷಮೆ ಪಡೆದವನಿಗೆ ಅದರಿಂದ ನಿಜವಾದ ಸಂತೋಷವೂ ಆಗಿದೆ.

ಮುಂದಿನದು ಕ್ರಿಕೆಟ್. ಎಂ.ಸಿ.ಸಿ. ಎಂಬ ಹೆಸರಿಟ್ಟು, ಹೆಸರಿಟ್ಟ ತಂಡಕ್ಕೆ ಸರ್ಕಾರ ತೆರಿಗೆ ಹಾಕೀತೇ ಎಂದು ಚಿಂತಿಸುವ ಹುಡುಗರ ಹಿಂದೆ ಇಂಗ್ಲಿಷ್ ಶಾಲಾಕಥೆಗಳ ಒಂದು ದೊಡ್ಡ ಪರಂಪರೆ ಇದೆ. ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ 'ಟಾಮ್ ಬ್ರೌನ್ಸ್ ಸ್ಕೂಲ್‌ಡೇಸ್' ಆ ಪ್ರಕಾರದ ಮಾದರಿ. ಅದರ ಕೊನೆಯ ಭಾಗದಲ್ಲಿ ನಾಯಕ ಟಾಮ್ ತನ್ನ ಶಾಲೆಯ ತಂಡದ ನಾಯಕನಾಗಿ ಆಡುವುದು ಮೂಲ ಎಂ.ಸಿ.ಸಿ.ಯ, ಅಂದರೆ ಮೇರಿಲ್‌ಬೋನ್ ಕ್ಲಬ್ಬಿನ ವಿರುದ್ಧ. ಆ ಪ್ರಕಾರದಲ್ಲಿ ಪಂದ್ಯವೆಂದರೆ ಹುಡುಗ ಗಂಡಸಾಗುವ ದೀಕ್ಷೆ. ಅಡೆತಡೆಗಳನ್ನು ದಾಟಿ ಮೈದಾನಕ್ಕೆ ಬಂದವನಿಗೆ ಗೆಳೆಯರ ಜಯಘೋಷ ಸಿಗಲೇಬೇಕು. ನಾರಾಯಣರು ಈ ಚೌಕಟ್ಟನ್ನು ಪೂರ್ತಿಯಾಗಿ ಸ್ವೀಕರಿಸಿ, ನಾಯಕನನ್ನು ಮಾತ್ರ ಪಂದ್ಯಕ್ಕೆ ಬಾರದಂತೆ ಮಾಡಿದರು. ಯಂಗ್ ಮೆನ್ಸ್ ಯೂನಿಯನ್ ಜೊತೆ ಪಂದ್ಯ ನಿಗದಿಯಾಗಿದೆ. ಟೇಟ್ ಎಂಬ ಇಂಗ್ಲೆಂಡಿನ ಬೌಲರನ ಹೆಸರನ್ನು ಬಿರುದಾಗಿ ಪಡೆದ ಸ್ವಾಮಿ ತಂಡದ ಆಸರೆ. ಬೋರ್ಡ್ ಶಾಲೆಯ ಡ್ರಿಲ್ ಮತ್ತು ಸ್ಕೌಟಿಂಗ್ ತರಗತಿಗಳು ಸಂಜೆಯ ಅಭ್ಯಾಸವನ್ನು ನುಂಗುತ್ತವೆ. ವೈದ್ಯರಿಂದ ಪ್ರಮಾಣಪತ್ರ ಪಡೆಯುವ ಯತ್ನ ಫಲಿಸುವುದಿಲ್ಲ. ಮುಖ್ಯೋಪಾಧ್ಯಾಯರು ಬೆತ್ತ ಎತ್ತಿದಾಗ ಸ್ವಾಮಿ ಅದನ್ನು ಕಿತ್ತು ಕಿಟಕಿಯಾಚೆ ಎಸೆದು ಓಡುತ್ತಾನೆ. ಎರಡು ಶಾಲೆಗಳನ್ನು ಕಳೆದುಕೊಂಡ ಹುಡುಗನಿಗೆ ಮನೆಯಲ್ಲಿ ಮುಖ ತೋರಿಸುವ ಧೈರ್ಯವಿಲ್ಲ. ಮೆಂಪಿಯ ಕಾಡಿನ ದಾರಿಯಲ್ಲಿ ಕತ್ತಲಾಗುತ್ತದೆ. ಗಾಡಿಯವನೊಬ್ಬನಿಗೆ ಪ್ರಜ್ಞೆಯಿಲ್ಲದೆ ಸಿಕ್ಕ ಅವನನ್ನು ಅರಣ್ಯಾಧಿಕಾರಿ ನಾಯರ್ ಉಪಚರಿಸಿ ಮನೆಗೆ ತಲುಪಿಸುತ್ತಾರೆ. ಅಷ್ಟರಲ್ಲಿ ಪಂದ್ಯ ಮುಗಿದಿದೆ, ಮಾಲ್ಗುಡಿ ಸೋತಿದೆ.

ರಾಜಂ ಈ ಸಲ ಕ್ಷಮಿಸುವುದಿಲ್ಲ. ರಾಜಕೀಯವನ್ನು ಕ್ಷಮಿಸಿದವನು ಕ್ರಿಕೆಟನ್ನು ಕ್ಷಮಿಸಲಾರ. ಮಾತಿಗೆ ತಪ್ಪಿದವನೆಂಬ ಒಂದೇ ಸಂಗತಿ ಅವನ ಕಣ್ಣ ಮುಂದಿದೆ, ಮಾತು ಉಳಿಸಿಕೊಳ್ಳಲೆಂದೇ ಸ್ವಾಮಿ ಬೆತ್ತ ಕಿತ್ತು ಎಸೆದನೆಂಬುದು ಅವನಿಗೆ ಕಾಣದು. ಹತ್ತು ದಿನಗಳ ತರುವಾಯ ಅವನ ತಂದೆಗೆ ವರ್ಗವಾಗುತ್ತದೆ. ಬೆಳಗಿನ ರೈಲಿನ ಬಳಿ ಸ್ವಾಮಿ ಆಂಡರ್ಸನ್ ಕಥೆಗಳ ಪುಸ್ತಕ ಹಿಡಿದು ನಿಂತಿದ್ದಾನೆ. ಇಡೀ ಕೃತಿಯಲ್ಲಿ ಸ್ವಾಮಿ ರಾಜಂಗೆ ಕೊಡುವ ಕಾಣಿಕೆ ಇದು, ಕೊಡುವವನಾಗಲು ಅವನಿಗೆ ದೊರೆತ ಅವಕಾಶ ಇದು. ಅದನ್ನು ಕೈಯಾರೆ ಕೊಡಲು ಅವನಿಂದ ಆಗುವುದಿಲ್ಲ, ಮಣಿ ತೆಗೆದುಕೊಂಡು ತಲುಪಿಸುತ್ತಾನೆ. ರಾಜಂ ಏನೋ ಹೇಳುತ್ತಾನೆ, ರೈಲಿನ ಸದ್ದಿನಲ್ಲಿ ಕೇಳುವುದಿಲ್ಲ. ಅವನು ಪತ್ರ ಬರೆಯುವನೇ ಎಂಬ ಪ್ರಶ್ನೆಗೆ ಮಣಿ ಹೌದೆನ್ನುತ್ತಾನೆ, ಆದರೆ ಅವನ ಮುಖ ಓದಲು ಸ್ವಾಮಿಗೆ ಸಾಧ್ಯವಾಗುವುದಿಲ್ಲ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ತನ್ನ ತಂದೆಯ ವರ್ಗಾವಣೆಗಳ ಕಾರಣದಿಂದ ಅಜ್ಜಿಯ ಮನೆಯಲ್ಲಿ ಬೆಳೆದ ಲೇಖಕನಿಗೆ ಆ ಪ್ಲಾಟ್‌ಫಾರ್ಮಿನ ಮೌನವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹಸ್ತಪ್ರತಿ ಸಿದ್ಧವಾದ ಮೇಲೆ ಬೇರೊಂದು ಕಥೆ ಆರಂಭವಾಯಿತು. ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಅದನ್ನು ನಿರಾಕರಿಸಿದರು. ಮೈಸೂರಿನ ದಿನಗಳಿಂದ ನಾರಾಯಣರ ಗೆಳೆಯನಾಗಿದ್ದ ಕಿಟ್ಟು ಪೂರ್ಣ ಆಗ ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನಲ್ಲಿ ಓದುತ್ತಿದ್ದರು. ನಿರಾಕೃತವಾದ ಹಸ್ತಪ್ರತಿ ಅವರ ಕೈ ಸೇರಿತು. ಇತ್ತ ನಾರಾಯಣರು 'ದಿ ಜಸ್ಟಿಸ್' ಎಂಬ ಮದರಾಸಿನ ಪತ್ರಿಕೆಗೆ ಮೈಸೂರಿನ ಸುದ್ದಿ ಸಂಗ್ರಹಿಸಿ ಕಳಿಸುತ್ತ ಅಲ್ಪ ಸಂಪಾದನೆಯಲ್ಲಿದ್ದರು. ಬ್ರಾಹ್ಮಣೇತರರ ಹಕ್ಕುಗಳಿಗಾಗಿ ಹುಟ್ಟಿದ ಪತ್ರಿಕೆಗೆ ಅಯ್ಯರ್ ಮನೆತನದ ಯುವಕ ವರದಿಗಾರನಾದದ್ದು ಆ ಕಾಲದ ಸ್ವಾರಸ್ಯಗಳಲ್ಲೊಂದು. ಜಾತಕ ಕೂಡುವುದಿಲ್ಲವೆಂಬ ವಿಘ್ನವನ್ನು ದಾಟಿ ಅವರು ಮದುವೆಯಾದರು. ಹೆಂಡತಿಯ ಹೆಸರು ರಾಜಂ. ಕಾದಂಬರಿಯ ಹುಡುಗನಿಗೂ ಆಕೆಗೂ ಒಂದೇ ಹೆಸರಾದದ್ದು ಆಕಸ್ಮಿಕ. ಬರವಣಿಗೆ ಶುರುವಾದಾಗ ನಾರಾಯಣರು ಆಕೆಯನ್ನು ಕಂಡೇ ಇರಲಿಲ್ಲ.

ಸೋತ ಲೇಖಕ ಕೊನೆಗೆ ಪೂರ್ಣರಿಗೆ ಬರೆದ ಸೂಚನೆ ಪ್ರಸಿದ್ಧವಾಗಿದೆ: ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಬೇಕೆಂದು. ಪೂರ್ಣ ಗೆಳೆಯನ ಮಾತನ್ನು ನಡೆಸಲಿಲ್ಲ. ಆಕ್ಸ್‌ಫರ್ಡಿನಲ್ಲಿಯೇ ವಾಸವಾಗಿದ್ದ, ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಗ್ರಹಾಂ ಗ್ರೀನ್ ಎಂಬ ಕಾದಂಬರಿಕಾರನ ಮನೆಗೆ ಅದನ್ನು ಕೊಂಡೊಯ್ದರು. ಗ್ರೀನ್ ಓದಿ, ಮೆಚ್ಚಿ, ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆಗೆ ಶಿಫಾರಸು ಮಾಡಿದರು. 'ಸ್ವಾಮಿ ದಿ ಟೇಟ್' ಎಂದಿದ್ದ ಹೆಸರು ಅವರ ಸಲಹೆಯಂತೆ 'ಸ್ವಾಮಿ ಅಂಡ್ ಫ್ರೆಂಡ್ಸ್' ಆಯಿತು. ಕಿಪ್ಲಿಂಗನ 'ಸ್ಟಾಕಿ ಅಂಡ್ ಕೋ' ಓದಿದ ಇಂಗ್ಲಿಷ್ ಓದುಗರ ಕಿವಿಗೆ ಅದು ಪರಿಚಿತವಾಗಿ ಕೇಳಿಸಲೆಂಬುದು ಉದ್ದೇಶ. ಲೇಖಕನ ಉದ್ದನೆಯ ಹೆಸರೂ ಗ್ರೀನ್ ಮಾತಿನಂತೆಯೇ ಆರ್.ಕೆ. ನಾರಾಯಣ್ ಎಂದು ಮೊಟಕಾಯಿತು. ಹೆಸರುಗಳನ್ನು ಹೀಗೆ ಇಂಗ್ಲೆಂಡಿನ ಅನುಕೂಲಕ್ಕೆ ಕತ್ತರಿಸಿದ್ದರಲ್ಲಿ ಪ್ರಭುತ್ವದ ನೆರಳನ್ನು ಕಾಣುವ ವಿಮರ್ಶಕರಿದ್ದಾರೆ. ರಾಜಂನ ಔದಾರ್ಯವನ್ನು ಕುರಿತು ಮೇಲೆ ಹೇಳಿದ ಮಾತು ಇಲ್ಲಿಯೂ ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ. ಆದರೆ ಗ್ರೀನ್ ಸ್ನೇಹಕ್ಕೆ ಒಂದು ಪಂದ್ಯದ ಷರತ್ತು ಇರಲಿಲ್ಲ ಎಂಬುದಕ್ಕೆ ಮುಂದಿನ ವರ್ಷಗಳು ಸಾಕ್ಷಿ. 1935ರ ಅಕ್ಟೋಬರಿನಲ್ಲಿ ಹೊರಬಂದ ಪುಸ್ತಕ ವಿಮರ್ಶಕರ ಮೆಚ್ಚುಗೆ ಪಡೆದರೂ ಮಾರಾಟವಾಗಲಿಲ್ಲ. ಎರಡನೆಯ ಕಾದಂಬರಿ 'ದಿ ಬ್ಯಾಚುಲರ್ ಆಫ್ ಆರ್ಟ್ಸ್' 1937ರಲ್ಲಿ ನೆಲ್ಸನ್ ಸಂಸ್ಥೆಯಿಂದ, ಮೂರನೆಯದು 'ದಿ ಡಾರ್ಕ್ ರೂಮ್' 1938ರಲ್ಲಿ ಮ್ಯಾಕ್‌ಮಿಲನ್‌ನಿಂದ ಬಂದವು. ಪ್ರಕಾಶಕರು ಬದಲಾದರೂ ಗ್ರೀನ್ ಬದಲಾಗಲಿಲ್ಲ. 1939ರಲ್ಲಿ ರಾಜಂ ವಿಷಮಜ್ವರದಿಂದ ತೀರಿಕೊಂಡಾಗ, ಮಗು ಹೇಮಳನ್ನು ಎದೆಗವಚಿಕೊಂಡು ನಾರಾಯಣರು ಬರವಣಿಗೆಯನ್ನೇ ತೊರೆದಂತೆ ಕುಳಿತ ಕಾಲದಲ್ಲಿಯೂ ನಂಟು ಕಡಿಯಲಿಲ್ಲ. ಆ ದುಃಖದಿಂದ ಹುಟ್ಟಿದ 'ದಿ ಇಂಗ್ಲಿಷ್ ಟೀಚರ್' 1945ರಲ್ಲಿ ಪ್ರಕಟವಾಯಿತು.

ಇಷ್ಟಾದರೂ ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಮೊದಲ ಭೇಟಿಯಾದದ್ದು 1956ರಲ್ಲಿ, ಲಂಡನ್ನಿನಲ್ಲಿ.

ಕಾಣದ ಗೆಳೆಯನ ಈ ಬಗೆ ಕನ್ನಡದ ಜೈನಕಾವ್ಯಗಳ ಓದುಗರಿಗೆ ಅಪರಿಚಿತವಲ್ಲ. ಪಂಪನ 'ಆದಿಪುರಾಣ'ದಲ್ಲಿ ಮಹಾಬಲನ ಮಂತ್ರಿ ಸ್ವಯಂಬುದ್ಧ ತನ್ನ ಒಡೆಯನನ್ನು ಭೋಗದ ಮರವೆಯಿಂದ ಎಚ್ಚರಿಸುತ್ತಾನೆ. ಭವಗಳು ಕಳೆದು ಮಹಾಬಲನ ಜೀವ ವಜ್ರಜಂಘನಾಗಿ, ಬಳಿಕ ಭೋಗಭೂಮಿಯಲ್ಲಿ ಹುಟ್ಟಿ ಸುಖಿಸುತ್ತಿರುವಾಗ ಪ್ರೀತಿಂಕರನೆಂಬ ಚಾರಣಮುನಿ ಆಕಾಶಮಾರ್ಗವಾಗಿ ಬಂದು ಸಮ್ಯಕ್ತ್ವವನ್ನು ಬೋಧಿಸುತ್ತಾನೆ. ಆ ಮುನಿ ಹಿಂದಿನ ಸ್ವಯಂಬುದ್ಧನೇ. ಗುರುತು ಹಿಡಿಯದವನ ಬಳಿಗೆ, ಕರೆಯದಿದ್ದರೂ, ಹಳೆಯ ಸ್ನೇಹ ನಡೆದುಬರುತ್ತದೆ. ಅಲ್ಲಿನ ಮೈತ್ರಿಗೆ ಮೋಕ್ಷಮಾರ್ಗದ ಗುರಿಯಿದೆ, ಇಲ್ಲಿನದು ಲೌಕಿಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಗೆಳೆಯನ ಈಗಿನ ಇಚ್ಛೆಗಿಂತ ಅವನ ಹಿತವನ್ನು ದೊಡ್ಡದೆಂದು ತಿಳಿಯುವ ಗುಣ ಸ್ವಯಂಬುದ್ಧನಲ್ಲಿಯೂ ಪೂರ್ಣರಲ್ಲಿಯೂ ಇದೆ. ಪಂಪನೇ 'ವಿಕ್ರಮಾರ್ಜುನ ವಿಜಯ'ದಲ್ಲಿ ಚಿತ್ರಿಸಿದ ಕರ್ಣನ ಸ್ನೇಹ ಇನ್ನೊಂದು ಬಗೆಯದು. ಅದು ಕೊಟ್ಟ ಮಾತಿಗೆ ಪ್ರಾಣ ಒಪ್ಪಿಸುವ ಸ್ನೇಹ, ಒಡೆಯ ತಪ್ಪುದಾರಿಯಲ್ಲಿದ್ದರೂ ಬಿಡದ ಸ್ನೇಹ. ರಾಜಂ ಬಯಸಿದ್ದು ಕರ್ಣನಂಥ ಗೆಳೆಯನನ್ನು. ನಾರಾಯಣರಿಗೆ ದೊರೆತದ್ದು ಮಾತು ಮೀರಿದ ಗೆಳೆಯ. ಕಿಟ್ಟು ಪೂರ್ಣ ನುಡಿ ಪಾಲಿಸಿದ್ದರೆ ಮಾಲ್ಗುಡಿ ಥೇಮ್ಸಿನ ತಳ ಸೇರುತ್ತಿತ್ತು.

ಯುವ ಓದುಗರ ಕಾದಂಬರಿ ಎಂಬ ವರ್ಗೀಕರಣ 1935ರಲ್ಲಿ ಇರಲಿಲ್ಲ. ಹ್ಯಾಮಿಲ್ಟನ್ ಅದನ್ನು ಪ್ರಕಟಿಸಿದ್ದು ವಯಸ್ಕ ಓದುಗರಿಗಾಗಿ. ಅದು ಮಕ್ಕಳ ಪಠ್ಯವಾದ ಮೇಲೆ ಕೊನೆಯ ಅಧ್ಯಾಯದ ಕಹಿಯನ್ನು ಮೃದುಗೊಳಿಸಿ ಕಲಿಸುವ ಅಭ್ಯಾಸ ಬಂದಿದೆ, ರಾಜಂ ಪುಸ್ತಕ ಸ್ವೀಕರಿಸಿದನೆಂಬುದನ್ನೇ ರಾಜಿಯೆಂದು ವಿವರಿಸಲಾಗುತ್ತದೆ. ಪಠ್ಯ ಹಾಗೆ ಹೇಳುವುದಿಲ್ಲ. ರಾಜಂ ಪತ್ರ ಬರೆದನೇ ಎಂಬುದಕ್ಕೆ ಪರೋಕ್ಷವಾದ ಉತ್ತರವೊಂದು ನಾರಾಯಣರ ಎರಡನೆಯ ಕಾದಂಬರಿಯಲ್ಲಿ ಸಿಗುತ್ತದೆ. ಅದರ ನಾಯಕ ಚಂದ್ರನ್ ಕಾಲೇಜಿನ ಹುಡುಗ, ಅಂದರೆ ಸ್ವಾಮಿಗಿಂತ ಸುಮಾರು ಹತ್ತು ವರ್ಷ ದೊಡ್ಡವನು. ಅವನ ಜೀವದ ಗೆಳೆಯ ರಾಮು ಪದವಿ ಮುಗಿದ ಮೇಲೆ ಬೊಂಬಾಯಿಗೆ ಹೋಗುತ್ತಾನೆ. ಮೊದಮೊದಲು ಪತ್ರಗಳು ಬರುತ್ತವೆ, ಆಮೇಲೆ ಅಪರೂಪವಾಗುತ್ತವೆ, ಕೊನೆಗೆ ನಿಲ್ಲುತ್ತವೆ. ಗೆಳೆತನವೆಂಬುದೇ ಒಂದು ಭ್ರಮೆ, ಒಂದೇ ಕಡೆ ಕೆಲಕಾಲ ಕೂಡಿದವರು ಅದಕ್ಕೊಂದು ದೊಡ್ಡ ಹೆಸರು ಕೊಡುತ್ತಾರೆ ಎಂಬ ತೀರ್ಮಾನಕ್ಕೆ ಚಂದ್ರನ್ ಬರುತ್ತಾನೆ. ಆ ಕಾದಂಬರಿಗೆ ಮುನ್ನುಡಿ ಬರೆದವರು, ಲೇಖಕನ ಮುಖವನ್ನೇ ಕಾಣದಿದ್ದ ಗ್ರಹಾಂ ಗ್ರೀನ್.